ಕಾಲು ಗಿಡ್ಡ ಆಗೇದ ಅಂದ್ರ ಏನು?

ನಮ್ಮ ಓಣ್ಯಾಗ ಒಂದು ಆರು ತಿಂಗಳಿಂದ ಎನರ್ಜಿ ಹೀಲಿಂಗ್ ಮಾತು ಭಾಳ ಆಗೇದ. ಮೊದಲ ಸಂಜೀಮುಂದ ಕಟ್ಟಿ ಮ್ಯಾಲ ಕೂತರ ಪಲ್ಯಾ ಏನು, ಯಾವ ಗಿರಣ್ಯಾಗ ಹಿಟ್ಟು ಛಲೋ ಬೀಸತಾರ ಅಂತ ಮಾತು ನಡೀತಿತ್ತು. ಈಗ "ನಿಮ್ಮ ಕಾಲು ಸಮ ಬಂದ್ವೇನ್ರೀ?" ಅಂತ ಕೇಳತಾರ. ನಮ್ಮ ವೈನಿನೂ ಎರಡು ದಿನದ ಕ್ಲಾಸ್ ಮುಗಿಸಿಕೊಂಡು ಬಂದಾರ. ಅದಕ್ಕ ಈ ಕಾಲು ನೋಡೂದು ಅಂದ್ರ ಏನು, ಎಷ್ಟು ನಂಬಬೇಕು, ಎಲ್ಲಿಗೆ ನಿಲ್ಲಿಸಬೇಕು ಅನ್ನೂದನ್ನ ನಮ್ಮ ಮಂದಿ ಸಲುವಾಗಿ ಬರದು ಇಡೂಣು ಅನಿಸ್ತು.

ನೋಡೂ ರೀತಿ ಹಿಂಗದ. ಚಾಪಿ ಮ್ಯಾಲ ಅಂಗಾತ ಮಲಗಸ್ತಾರ. ಎರಡೂ ಹಿಮ್ಮಡ ಕೈಯಾಗ ಹಿಡದು, ಒಳಗಿನ ಹರಡಿನ ಎಲುಬು ಒಂದಕ್ಕೊಂದು ಸರೀ ಕೂಡತಾವೋ ಇಲ್ಲೋ ನೋಡತಾರ. ಒಂದು ಕಾಲು ಮ್ಯಾಲ ಸರದಿದ್ರ ಶಕ್ತಿ ಏರುಪೇರು ಆಗೇದ ಅಂತ ಅರ್ಥ. ಆಮ್ಯಾಲ ಪ್ರಶ್ನೆ ಕೇಳತಾರ: "ಹೊಟ್ಟಿ ಚಕ್ರ ಸಮ ಅದನ? ಹಳೇ ದುಃಖ ಏನರೆ ಕೂತದನ?" ಕಾಲು ಸಮ ಬಂದ್ರ ಒಂದು ಉತ್ತರ, ಗಿಡ್ಡ ಆದ್ರ ಇನ್ನೊಂದು. ಕಡೀಕ ಕೈ ಇಟ್ಟು ಶಕ್ತಿ ಹರಿಸಿ ಮತ್ತ ನೋಡಿದ್ರ ಎರಡೂ ಸಮ! ಮಲಗಿದವರಿಗೂ ಖುಷಿ, ಹಿಡದವರಿಗೂ ಖುಷಿ.

ಕಾಲು ಜೋಡಿಸಿ ನೋಡೂದು ಏನ್ ಹೊಸಾದಲ್ಲ. ಅಮೆರಿಕಾದ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್ ಊರಾಗ 1895ರಾಗ ಡಿ. ಡಿ. ಪಾಮರ್ ಅನ್ನೂವರು ಕೈರೋಪ್ರ್ಯಾಕ್ಟಿಕ್ ಸುರು ಮಾಡಿದ್ರು. ಬೆನ್ನಮಣಿ ಕೈಲೆ ಒತ್ತಿ ಸರಿಪಡಸೂ ವಿದ್ಯಾ ಅದು. ಆ ವಿದ್ಯಾದವರು ಟೊಂಕ, ಬೆನ್ನು ನೋಡೂ ಮುಂದ ಕಾಲಿನ ಉದ್ದಾನೂ ನೋಡತಾರ. ಹೀಲಿಂಗದವರು ಅದನ್ನೇ ಚಕ್ರಕ್ಕ, ಮನಸ್ಸಿಗೆ ಹಚ್ಚಿದ್ರು. ನಮ್ಮಲ್ಲೂ ಇತ್ತಲ್ಲ! ಹೊಟ್ಟಿ ಕೆಟ್ಟರ "ಬಟ್ಟಿ ಸರದದ" ಅಂತಿದ್ರು. ನಮ್ಮಜ್ಜಿ ನಸುಕಿನಾಗ ಖಾಲಿ ಹೊಟ್ಟೀಲೆ ಮಲಗಿಸಿ, ಎರಡೂ ಕಾಲಿನ ಹೆಬ್ಬಟ್ಟು ಜೋಡಿಸಿ ನೋಡತಿದ್ಲು. ಹೆಚ್ಚು ಕಡಿಮಿ ಕಂಡ್ರ ಹೊಕ್ಕಳ ಸುತ್ತ ಎಣ್ಣಿ ಹಚ್ಚಿ ತಿಕ್ಕತಿದ್ಲು.

ಈಗ ಖರೇ ಮಾತಿಗೆ ಬರೂಣು. ಎರಡೂ ಕಾಲು ಪೂರಾ ಸಮ ಇರೂ ಮನಷ್ಯಾರು ಕಡಿಮಿ. 2005ರಾಗ ಅಮೆರಿಕಾದ ಕೈರೋಪ್ರ್ಯಾಕ್ಟರ್ ಒಬ್ಬರು ಎಕ್ಸ್‌ರೇ ಅಳತಿಯ ಹಳೇ ಅಧ್ಯಯನ ಎಲ್ಲಾ ಕೂಡಿಸಿ ನೋಡಿದ್ರು. ನೂರಕ್ಕ 90 ಮಂದಿ ಕಾಲಿನಾಗ ಫರಕ ಇತ್ತು. ಸರಾಸರಿ ಫರಕ 5 ಮಿಲಿಮೀಟರ್, ಅಂದ್ರ ಒಂದು ತೊಗರಿ ಕಾಳಿನಷ್ಟು. ಅಷ್ಟು ಫರಕಿನಿಂದ ಯಾವ ತ್ರಾಸೂ ಇರೂದಿಲ್ಲ. ಮ್ಯಾಲ, ಮಲಗೂ ಮುಂದ ಟೊಂಕ ಸ್ವಲ್ಪ ಸೊಟ್ಟ ಆದ್ರೂ, ಒಂದು ಕಡೆ ಸ್ನಾಯು ಬಿಗದಿದ್ರೂ, ಹಿಡದವರ ಒಂದು ಕೈ ಒಂದೀಟು ಹೆಚ್ಚಿಗಿ ಎಳದ್ರೂ ತೊಗರಿ ಕಾಳಿನಷ್ಟು ಹೆಚ್ಚು ಕಡಿಮಿ ಆಗೇ ಆಗತದ. ಡಾಕ್ಟರ್ ಹಂಗ ಕಣ್ಣಂದಾಜಿಲೆ ನೋಡಿ ಬಿಡೂದಿಲ್ಲ. ಟೊಂಕದ ಮುಂದಿನ ಎಲುಬಿನ ತುದಿಯಿಂದ ಒಳಗಿನ ಹರಡಿನ ತನಕಾ ಟೇಪ್ ಹಿಡೀತಾರ. ಇಲ್ಲಾಂದ್ರ ನಿಲ್ಲಿಸಿ, ಗಿಡ್ಡ ಕಾಲಿನ ಕೆಳಗ ತೆಳ್ಳನ್ನ ಹಲಗಿ ಒಂದೊಂದ ಇಟಗೋತ ಟೊಂಕ ಸಮ ಆಗೂ ತನಕಾ ನೋಡತಾರ.

"ಹಂಗಾದ್ರ ಹಿಡದವರು ಬೇಕಂತ ಎಳೀತಾರೇನು?" ಅಂತೀರಿ. ಇಲ್ಲ, ಬೇಕಂತ ಅಲ್ಲ. ಬೋರ್‌ವೆಲ್ ಹಾಕಸೂ ಮುಂದ ಅಂಗೈ ಮ್ಯಾಲ ತೆಂಗಿನಕಾಯಿ ಇಟಗೊಂಡು ಹೊಲಾ ಅಡ್ಡಾಡೋರನ್ನ ನೋಡೀರಲ್ಲ, ಕಾಯಿ ತಾನ ಎದ್ದು ನಿಂತಂಗ ಆಗತದ. ಮನಸ್ಸಿನಾಗ ಇದ್ದದ್ದು ನಮಗ ಗೊತ್ತಿಲ್ಲಧಂಗ ಕೈಗೆ ಇಳೀತದ ಅಂತ ಇಂಗ್ಲೆಂಡಿನ ವಿಲಿಯಂ ಕಾರ್ಪೆಂಟರ್ 1852ರಾಗನ ಹೇಳ್ಯಾರ. ನಾನೂ ವೈನಿನೂ ಒಂದಿನ ಮನ್ಯಾಗ ನೋಡಿದ್ವಿ. ಹತ್ತು ಚೀಟಿಯೊಳಗ ಒಂದೊಂದು ಪ್ರಶ್ನೆ ಬರದು ಮಡಚಿ, ಯಾವ ಚೀಟಿ ಅಂತ ಅವರಿಗೆ ಕಾಣಸಲಾರದಂಗ ಒಂದೊಂದ ತಗದ್ವಿ. ಕಾಲು ನನ್ನವು, ಕೈ ಅವರದು. ಎಲ್ಲಾ ಮುಗದ ಮ್ಯಾಲ ಅವೇ ಚೀಟಿ ಕಲಸಿ ಇನ್ನೊಮ್ಮೆ ಮಾಡಿದ್ವಿ. ಮೊದಲ "ಸಮ" ಬಂದ ಚೀಟಿಗೆ ಎರಡನೇ ಸಲ "ಗಿಡ್ಡ" ಬಂತು, ಅದೂ ಒಂದಕ್ಕಲ್ಲ, ನಾಕಕ್ಕ. ವೈನಿ ಸಿಟ್ಟಾಗಲಿಲ್ಲ. "ಪ್ರಶ್ನೆ ಗೊತ್ತಿದ್ರ ಎಷ್ಟು ಛಲೋ ಬರತಿತ್ತು ನೋಡವಾ!" ಅಂದು ನಕ್ಕರು.

ಆದ್ರ ಒಂದು ಮಾತು ಒಪ್ಪಬೇಕು. ಮನಿ ಹೆಂಗಸು ಅರ್ಧಾ ತಾಸು ಕಾಲು ಚಾಚಿ ಮಲಗಿ, ಇನ್ನೊಬ್ಬರು ಆಕಿ ಹಿಮ್ಮಡಾ ಬೆಚ್ಚಗ ಹಿಡದು "ಏನು ತ್ರಾಸದ ಹೇಳವಾ" ಅಂತ ಕೇಳೂದು ನಮ್ಮ ಮನಿಗೋಳೊಳಗ ಯಾವಾಗ ಆಗತದ? ಎದ್ದ ಮ್ಯಾಲ ಹಗರ ಅನಸೂದು ಸುಳ್ಳಲ್ಲ. ಆ ಸಮಾಧಾನಕ್ಕ ನನ್ನ ತಕರಾರಿಲ್ಲ. ರೋಗ ಕಂಡು ಹಿಡಿಯೂ ಕೆಲಸಾ ಅದಕ್ಕ ಹಚ್ಚಬಾರದು, ಅಷ್ಟ.

ಯಾಕಂತೀರಿ? ಮೂರು ತಿಂಗಳ ಹಿಂದ ನಮ್ಮ ಕಾಕು ಬಚ್ಚಲದಾಗ ಜಾರಿ ಬಿದ್ರು. 74 ವರ್ಷ. ಎತ್ತಿ ಮಂಚದ ಮ್ಯಾಲ ಹಾಕಿದ್ರ ಬಲಗಾಲು ಗಿಡ್ಡ ಕಾಣತಿತ್ತು, ಪಾದ ಹೊರಗ ಹೊರಳಿತ್ತು. ಕ್ಲಾಸ್ ತಗೊಳ್ಳೂವರಿಗೆ ಯಾರೋ ಫೋನ್ ಹಚ್ಚಿದ್ರು. "ಗಾಬರಿಗೆ ಶಕ್ತಿ ಇಳದದ. ಕಾಲು ಸಾವಕಾಶ ಎಳದು ಸಮ ಮಾಡ್ರಿ, ನಾ ಇಲ್ಲಿಂದ ಹೀಲಿಂಗ್ ಕಳಸ್ತೇನಿ" ಅಂದ್ರಂತ. ಒಬ್ಬರು ಹಿಮ್ಮಡಕ್ಕ ಕೈ ಹಾಕಿದ್ರು ಸೈತ. ಅಷ್ಟರಾಗ ಮೂಲಿಮನಿ ಸಿಸ್ಟರ್ ಬಂದ್ರು. ನರ್ಸ್ ಆಗಿ ರಿಟೈರ್ ಆದವರು. ಬಾಗಲದಾಗ ನಿಂತು ನೋಡಿದವರ "ಯಾರೂ ಕಾಲು ಮುಟ್ಟಬ್ಯಾಡ್ರಿ, ಎಬ್ಬಿಸಿ ನಿಲ್ಲಸಬ್ಯಾಡ್ರಿ, ಆಂಬುಲೆನ್ಸ್ ಕರೀರಿ" ಅಂದ್ರು. ಎಕ್ಸ್‌ರೇದಾಗ ತೊಡಿ ಎಲುಬಿನ ಕುತ್ತಿಗಿ ಮುರದಿತ್ತು. ಮರುದಿನಾ ಆಪರೇಷನ್ ಆತು. ಎಳದಿದ್ರ ಮುರದ ಎಲುಬು ಇನ್ನೂ ಜಾಗಾ ಬಿಡತಿತ್ತು. ಈಗ ಕಾಕು ವಾಕರ್ ಹಿಡದು ತುಳಸಿಕಟ್ಟಿ ತನಕಾ ಬರತಾರ, ಸೊಸಿಗೆ ರಂಗೋಲಿ ತಪ್ಪು ತೋರಸ್ತಾರ.

ಹಿಂಗಾಗಿ ಇಷ್ಟು ನೆನಪಿನಾಗ ಇಟಗೋರಿ. ವಯಸ್ಸಾದವರು ಬಿದ್ದ ಮ್ಯಾಲ ಕಾಲು ಗಿಡ್ಡ ಕಂಡು ಪಾದ ಹೊರಗ ಹೊರಳಿದ್ರ ಅದು ಎಲುಬಿನ ಮಾತು. ಅಲಗಾಡಸಲಾರದ ದವಾಖಾನಿಗೆ ಒಯ್ಯಬೇಕು. ಕೂಸಿಗೆ ಎಣ್ಣಿ ಹಚ್ಚಿ ಎರಿಯೂ ಮುಂದ ಮೊಣಕಾಲು ಮಡಚಿದಾಗ ಒಂದು ಕೆಳಗ ಕಂಡ್ರ, ಒಂದು ತೊಡಿ ಇನ್ನೊಂದರಷ್ಟು ಅಗಲ ತೆರೀಲಿಲ್ಲಂದ್ರ, ಮಕ್ಕಳ ಡಾಕ್ಟರಿಗೆ ತೋರಸ್ರಿ. ಟೊಂಕದ ಕೀಲು ಸರಿಯಾಗಿ ಕೂತಿರಲಿಕ್ಕಿಲ್ಲ. ಆರು ತಿಂಗಳೊಳಗ ಗೊತ್ತಾದ್ರ ಭಾಳ ಕೂಸುಗೋಳಿಗೆ ಬರೇ ಬೆಲ್ಟಿನಿಂದನ ಸರಿ ಹೋಗತದ. ಕೂಸಿನ ಕಾಲು ನೆಟ್ಟಗ ಮಾಡಿ ಬಿಗಿಯಾಗಿ ಸುತ್ತಬ್ಯಾಡ್ರಿ. ಕುತ್ತಿಗಿ ನಿಂತ ಮ್ಯಾಲ ನಮ್ಮ ಹಿರಿಯಾರಂಗ ಟೊಂಕದ ಮ್ಯಾಲ ಕಾಲು ಅಗಲಿಸಿ ಕೂಡಿಸಿಕೊಂಡು ಅಡ್ಡಾಡಿದ್ರ ಅದಕ್ಕ ಛಲೋ. ಹತ್ತು-ಹದಿನೈದು ವರ್ಷದ ಹುಡುಗಿ ಲಂಗದ ಅಂಚು ಒಂದು ಕಡೆ ಏರತಿದ್ರ, ಬಗ್ಗಿಸಿ ನಿಲ್ಲಿಸಿ ಹಿಂದಿನಿಂದ ನೋಡ್ರಿ. ಬೆನ್ನಿನ ಒಂದು ಮಗ್ಗಲ ಉಬ್ಬಿದ್ರ ಎಲುಬಿನ ಡಾಕ್ಟರಿಗೆ ತೋರಸ್ರಿ.

ವೈನಿ ಈಗೂ ಕರದವರ ಮನಿಗೆ ಹೋಗಿ ಕಾಲು ಹಿಡೀತಾರ. ಆದ್ರ ಚಾಪಿ ಹಾಸೂದಕ್ಕಿಂತ ಮೊದಲ ಕೇಳತಾರ: "ಎಲ್ಲ್ಯರೆ ಬಿದ್ದೀರೇನ್ರೀ? ಡಾಕ್ಟರಿಗೆ ತೋರಿಸೀರೇನ್ರೀ?"