ಗೋಲಿಗೆ ಒಬ್ಬನೇ

ಕೊಚ್ಚಿಯ ವೈಟ್ಟಿಲದಲ್ಲಿ ತಿರುವನಂತಪುರದ ಬಸ್ಸು ಹತ್ತುವ ಹುಡುಗರ ಜೊತೆ ಒಮ್ಮೊಮ್ಮೆ ಅವರಿಗಿಂತ ದೊಡ್ಡ ಚೀಲವೂ ಹತ್ತುತ್ತದೆ. ಹಾಕಿ ಗೋಲ್‌ಕೀಪರನ ಚೀಲ ಅಂಥದ್ದು: ಕಾಲಿಗೆ ಪ್ಯಾಡು, ಪಾದಕ್ಕೆ ಕಿಕ್ಕರು, ಕೈಗವಸು, ಹೆಲ್ಮೆಟ್ಟು. ಬಿಟ್ಟುಬರುವ ಮನೆಯವರಿಗೆ ಒಂದೇ ಪ್ರಶ್ನೆ, ಇವನ ಸರದಿ ಯಾವಾಗ?

ವೈಟ್ಟಿಲದಿಂದ ಹೆಚ್ಚು ದೂರವಿಲ್ಲದ ಕಿಳಕ್ಕಂಬಲದ ಪಿ. ಆರ್. ಶ್ರೀಜೇಶ್ ಹನ್ನೆರಡನೇ ವಯಸ್ಸಿಗೆ ತಿರುವನಂತಪುರದ ಜಿ. ವಿ. ರಾಜಾ ಕ್ರೀಡಾಶಾಲೆ ಸೇರಿದರು. ಓಟ, ಉದ್ದಜಿಗಿತ, ವಾಲಿಬಾಲ್ ಎಂದು ಅಲೆದಾಡಿದ್ದ ಹುಡುಗನನ್ನು ಗೋಲಿಗೆ ನಿಲ್ಲಿಸಿದ್ದು ಅಲ್ಲಿನ ಕೋಚ್. ಕಿಟ್ ಕೊಳ್ಳಲು ರೈತ ತಂದೆ ಹಸು ಮಾರಿದರು. 2004ರಲ್ಲಿ ಕಿರಿಯರ ಭಾರತ ತಂಡ, 2006ರಲ್ಲಿ ಕೊಲಂಬೊದ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಹಿರಿಯರ ತಂಡ. ಆದರೆ ಜಾಗ ಗಟ್ಟಿಯಾಗಲು 2011 ಬರಬೇಕಾಯಿತು. ಎದುರಿಗೆ ಏಡ್ರಿಯನ್ ಡಿಸೋಜಾ, ಭರತ್ ಛೆಟ್ರಿ ಇದ್ದರು.

ಐದು ವರ್ಷ ವ್ಯರ್ಥವಾಯಿತೇ? ಫಾರ್ವರ್ಡ್ ಆಟಗಾರನನ್ನು ಹತ್ತು ನಿಮಿಷ ಇಳಿಸಿ ನೋಡಬಹುದು. ಅವನು ತಪ್ಪಿದರೆ ಚೆಂಡು ಹೋಗುತ್ತದೆ, ಅಷ್ಟೆ. ಗೋಲ್‌ಕೀಪರ್ ತಪ್ಪಿದರೆ ಫಲಕದಲ್ಲಿ ಬರೆಯುತ್ತಾರೆ. ಜೊತೆಗೆ ಅವನ ಅರ್ಧ ಕೆಲಸ ಬಾಯಿಯದು. ಯಾರು ಎಡಕ್ಕೆ ಸರಿಯಬೇಕು, ಯಾರು ಯಾರನ್ನು ಹಿಡಿಯಬೇಕು ಎಂದು ಹಿಂದಿನಿಂದ ಕೂಗುತ್ತಲೇ ಇರಬೇಕು. ಹತ್ತೊಂಬತ್ತರ ಹುಡುಗನ ಕೂಗಿಗೆ ಮೂವತ್ತರ ಡಿಫೆಂಡರ್ ಓಗೊಡಬೇಕಾದರೆ ನಂಬಿಕೆ ಬೇಕು. ಅದನ್ನು ನೆಟ್ಸಿನಲ್ಲಿ ಕಲಿಸಲಾಗದು.

ಹಾಗೆಂದು ಕಾಯಿಸುವುದೇ ಒಳ್ಳೆಯದು ಎನ್ನುವಂತಿಲ್ಲ. 2009ರಲ್ಲಿ ಪುಣೆಯ ಶಿಬಿರದಲ್ಲಿ ಗಾಲ್ಫ್ ಚೆಂಡಿನಿಂದ ಅಭ್ಯಾಸ ಮಾಡುವಾಗ ಗೋಲ್‌ಕೀಪರ್ ಬಲ್ಜಿತ್ ಸಿಂಗ್ ಅವರ ಕಣ್ಣಿಗೆ ಪೆಟ್ಟು ಬಿತ್ತು. ಸರದಿಯ ಲೆಕ್ಕ ಒಂದೇ ದಿನದಲ್ಲಿ ತಲೆಕೆಳಗಾಗಬಹುದು. ಆಗ ಎರಡನೆಯವನು ದೊಡ್ಡವರ ಹೊಡೆತವನ್ನೇ ಕಂಡಿರದಿದ್ದರೆ ಕಾಯಿಸಿದವರದೇ ತಪ್ಪು.

ಕಾದವನ ಕಡೆಯಿಂದಲೂ ನೋಡಬೇಕು. ಕೃಷ್ಣ ಪಾಠಕ್ 2018ರಿಂದ ಹಿರಿಯರ ತಂಡದ ಸುತ್ತ ಇದ್ದರು. ಪ್ರೊ ಲೀಗ್ ಪಂದ್ಯಗಳಲ್ಲಿ ಕ್ವಾರ್ಟರ್ ಹಂಚಿಕೊಂಡು ಆಡಿದರು. ಆದರೆ 2024ರ ಪ್ಯಾರಿಸ್ ಒಲಿಂಪಿಕ್ಸಿಗೆ ಅವರು ಹೋದದ್ದು ಮೀಸಲು ಆಟಗಾರನಾಗಿ. ಹದಿನಾರು ಮಂದಿಯ ತಂಡದಲ್ಲಿ ಗೋಲಿಗೆ ಒಬ್ಬನೇ. ಆ ಒಬ್ಬ ಶ್ರೀಜೇಶ್. 2021ರಲ್ಲಿ ಟೋಕಿಯೊದಲ್ಲಿ ಜರ್ಮನಿಯ ಕೊನೆಯ ಪೆನಾಲ್ಟಿ ಕಾರ್ನರ್ ತಡೆದು 41 ವರ್ಷಗಳ ನಂತರ ಪದಕ ತಂದವರನ್ನು ಬಿಡುವ ಧೈರ್ಯ ಯಾರಿಗಿದ್ದೀತು? ಪ್ಯಾರಿಸ್ಸಿನಲ್ಲೂ ಕಂಚು ಬಂತು, ಆಯ್ಕೆ ಸರಿಯೆನಿಸಿತು. ಪಾಠಕ್ ಕಳೆದುಕೊಂಡ ಒಲಿಂಪಿಕ್ಸ್ ಮಾತ್ರ ಯಾವ ಪದಕದ ಲೆಕ್ಕದಲ್ಲೂ ಬರುವುದಿಲ್ಲ.

ಆದ್ದರಿಂದ ಯಾವ ವಯಸ್ಸಿಗೆ ಎನ್ನುವುದಕ್ಕಿಂತ ಹೇಗೆ ಎನ್ನುವುದು ಮುಖ್ಯ. ಬೇಗ ಕರೆಯಬೇಕು, ದೊಡ್ಡವರ ಹೊಡೆತ ದಿನವೂ ತಿನ್ನಿಸಬೇಕು, ಸಣ್ಣ ಪಂದ್ಯಗಳ ಭಾರ ಹೊರಿಸಬೇಕು. ಗೋಲು ಬಿಟ್ಟ ಮರುದಿನವೂ ಅವನನ್ನೇ ನಿಲ್ಲಿಸುವ ಮನಸ್ಸು ಕೋಚಿಗೆ ಬಂದಾಗ ಹುಡುಗ ಸಿದ್ಧನಾದ ಎಂದರ್ಥ. ಅದು ಹುಡುಗನಷ್ಟೇ ಕೋಚಿನ ಪರೀಕ್ಷೆಯೂ ಹೌದು.

ನಿವೃತ್ತಿಯ ನಂತರ ಶ್ರೀಜೇಶ್ ಕಿರಿಯರ ತಂಡದ ಕೋಚ್ ಆದರು. ಐದು ವರ್ಷ ತಾವು ಕೇಳಿದ ಪ್ರಶ್ನೆಗೆ ಆಗ ಉತ್ತರ ಹೇಳಬೇಕಾದವರು ಅವರೇ ಆದರು.