ಡೌನ್ ಮನೆಯ ಮೊದಲ ತಿಂಗಳು

1842ರ ಸೆಪ್ಟೆಂಬರ್ 14ರಂದು ಎಮ್ಮಾ ಡಾರ್ವಿನ್ ಲಂಡನ್ ಬಿಟ್ಟು ಡೌನ್ ಎಂಬ ಹಳ್ಳಿಯ ಮನೆಗೆ ಬಂದಾಗ ಆಕೆ ತುಂಬು ಗರ್ಭಿಣಿ. ಆಗಲೇ ಇಬ್ಬರು ಮಕ್ಕಳು. ಹಿರಿಯವನು ವಿಲಿಯಂಗೆ ಮೂರು ತುಂಬಿರಲಿಲ್ಲ, ಆನಿಗೆ ಒಂದೂವರೆ ವರ್ಷ. ಗಂಡ ಚಾರ್ಲ್ಸ್ ಮೂರು ದಿನ ಕಳೆದು, 17ರಂದು ಬಂದು ಸೇರಿಕೊಂಡ. ಕನ್ನಡನಾಡಿನ ಅಜ್ಜಿಯರು ಯಾರಾದರೂ ಹತ್ತಿರದಲ್ಲಿದ್ದಿದ್ದರೆ, ದಿನ ತುಂಬಿದ ಹೆಂಗಸನ್ನು ಹೀಗೆ ಮನೆ ಬದಲಿಸುವುದುಂಟೇ ಎಂದು ಚೆನ್ನಾಗಿ ಬೈಯುತ್ತಿದ್ದರು.

ಆ ದಂಪತಿಗಳ ಸಂಬಂಧವೂ ನಮ್ಮವರಿಗೆ ಹೊಸದಲ್ಲ. ಎಮ್ಮಾ ಚಾರ್ಲ್ಸನ ಸೋದರಮಾವನ ಮಗಳು. ಅವಳ ತಂದೆ ಜೋಸಯ್ಯ ವೆಜ್‌ವುಡ್ ಅವನಿಗೆ ಎರಡು ಲೆಕ್ಕದಲ್ಲಿಯೂ ಮಾವ. ಇಂಗ್ಲಿಷಿನಲ್ಲಿ ಇದನ್ನು ಹೇಳಲು ಎರಡು ಶಬ್ದ ಬೇಕು, ನಮಗೆ ಒಂದೇ ಸಾಕು. ಇಬ್ಬರಿಗೂ ಮದುವೆಯಾದದ್ದು 1839ರ ಜನವರಿಯಲ್ಲಿ. ಸಂಸಾರ ಹೂಡಿದ್ದು ಲಂಡನ್ನಿನ ಬಾಡಿಗೆ ಮನೆಯಲ್ಲಿ. ‘ಬೀಗಲ್’ ಹಡಗಿನಲ್ಲಿ ಐದು ವರ್ಷ ಲೋಕ ಸುತ್ತಿ ಬಂದವನಿಗೆ ನಗರದ ಹೊಗೆ, ಗದ್ದಲ, ಔತಣಕೂಟಗಳು ಒಗ್ಗಲಿಲ್ಲ. ಆರೋಗ್ಯ ಕೈಕೊಡುತ್ತಲೇ ಇತ್ತು. ಹಳ್ಳಿಯಲ್ಲೊಂದು ಮನೆ ಬೇಕೆಂದು ಹುಡುಕಿ, ಕೊನೆಗೆ ಲಂಡನ್ನಿನಿಂದ 16 ಮೈಲಿ ದೂರದಲ್ಲಿ, ಕೆಂಟ್ ಪ್ರಾಂತ್ಯದಲ್ಲಿ ಒಂದನ್ನು ಕಂಡರು. ಬೆಲೆ ಸುಮಾರು 2,200 ಪೌಂಡು. ವೈದ್ಯನಾಗಿದ್ದ ತಂದೆ ನೆರವಿಗೆ ಬಂದ.

ಮನೆಯೇನೂ ಸುಂದರವಾಗಿರಲಿಲ್ಲ. ಕೊಳ್ಳುವ ಮುಂಚೆ ಜುಲೈನಲ್ಲಿ ನೋಡಿ ಬಂದು ಚಾರ್ಲ್ಸ್ ತಂಗಿ ಕ್ಯಾಥರೀನ್‌ಗೆ ಬರೆದ ಕಾಗದ ಇಂದಿಗೂ ಓದಲು ಚೆನ್ನ. ಮನೆ ನೋಡಲು ಕುರೂಪ, ಹಳೆಯದೂ ಅಲ್ಲ ಹೊಸದೂ ಅಲ್ಲ, ಗೋಡೆ ಎರಡು ಅಡಿ ದಪ್ಪ, ಕಿಟಕಿಗಳು ಚಿಕ್ಕವು, ಓದುವ ಕೋಣೆ ಮಾತ್ರ 18 ಅಡಿಗೆ 18 ಅಡಿ, ಬಹಳ ಸೊಗಸು ಎಂದು ಅಳತೆ ಸಮೇತ ವರದಿ ಒಪ್ಪಿಸಿದ್ದಾನೆ. ಹಳ್ಳಿಯಲ್ಲಿ ನಲವತ್ತು ಮನೆ, ನಡುವೆ ಬೆಣಚುಕಲ್ಲಿನ ಹಳೆಯ ಚರ್ಚು. ಅವರು ರಾತ್ರಿ ತಂಗಿದ್ದ ಪುಟ್ಟ ಪಾನಗೃಹವೇ ಊರಿನ ದಿನಸಿ ಅಂಗಡಿ. ಅದರ ಯಜಮಾನನೇ ಊರ ಬಡಗಿ. ವಾರಕ್ಕೊಮ್ಮೆ ಲಂಡನ್ನಿಗೆ ಸಾಮಾನಿನ ಗಾಡಿ. ಎಮ್ಮಾ ನೋಡಿದ ದಿನ ಮೋಡ ಕವಿದು ಚಳಿಗಾಳಿ ಬೀಸುತ್ತಿತ್ತು, ಅವಳಿಗೆ ಊರು ಮೊದಲಿಗೆ ಹಿಡಿಸಲಿಲ್ಲ. ಹೆಣ್ಣುಮಕ್ಕಳು ಮನೆ ನೋಡುವ ಕಣ್ಣೇ ಬೇರೆ. ಆದರೂ ಒಪ್ಪಿದಳು.

ಬಂದ ಒಂಬತ್ತನೆಯ ದಿನ, ಸೆಪ್ಟೆಂಬರ್ 23ಕ್ಕೆ, ಹೆರಿಗೆಯಾಯಿತು. ಹೆಣ್ಣು ಮಗು. ಮೇರಿ ಎಲಿನಾರ್ ಎಂದು ಹೆಸರಿಟ್ಟರು. ಹೊಸ ಮನೆ, ಬಾಣಂತಿ, ಓಡಾಡುವ ಎರಡು ಮಕ್ಕಳು, ಇನ್ನೂ ಒಗ್ಗದ ಊರು. ಆ ಮನೆ ಆ ದಿನಗಳಲ್ಲಿ ಹೇಗಿದ್ದಿರಬಹುದೆಂದು ಮನೆ ಬದಲಿಸಿದವರೆಲ್ಲ ಊಹಿಸಬಲ್ಲರು.

ಅಕ್ಟೋಬರ್ 16ರಂದು ಮಗು ತೀರಿಕೊಂಡಿತು. ಇದ್ದದ್ದು ಇಪ್ಪತ್ತಮೂರು ದಿನ. ಹಳ್ಳಿಯ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದರು. ಆ ಸಂಸ್ಕಾರದ ಹೊತ್ತಿಗೆ ಚಾರ್ಲ್ಸ್ ಬಹಳ ಹೆದರಿದ್ದನೆಂದು ಎಮ್ಮಾ ತನ್ನ ಅಣ್ಣನ ಹೆಂಡತಿಗೆ ಬರೆದಳು. ಮಗು ಇನ್ನಷ್ಟು ದಿನ ಬದುಕಿ ನರಳಿದ್ದರೆ ದುಃಖ ಇನ್ನೂ ದೊಡ್ಡದಾಗುತ್ತಿತ್ತು, ಉಳಿದಿಬ್ಬರು ಮಕ್ಕಳಿದ್ದಾರಲ್ಲ, ಸಮಾಧಾನವಾದೀತು. ಆದರೆ ಆ ಪುಟ್ಟ ಮುಖ ಬೇಗ ಮರೆಯುವಂಥದ್ದಲ್ಲ ಎಂಬುದು ಆ ಕಾಗದದ ಸಾರ. ದುಃಖದ ನಡುವೆಯೂ ಎದುರಿನವರಿಗೆ ಗಾಬರಿಯಾಗಬಾರದೆಂದು ಬರೆದ ಕಾಗದ ಅದು.

ಡಾರ್ವಿನ್ ಎಂದರೆ ಪಠ್ಯಪುಸ್ತಕದ ಬಿಳಿ ಗಡ್ಡದ ಮುದುಕ ನೆನಪಾಗುತ್ತಾನೆ. ಆಗ ಅವನಿಗೆ 33 ವರ್ಷ. ಹವಳದ ದಿಬ್ಬಗಳ ಮೇಲಿನ ಪುಸ್ತಕ ಆ ವರ್ಷವೇ ಹೊರಬಂದಿತ್ತು. ಜ್ವಾಲಾಮುಖಿ ದ್ವೀಪಗಳ ಪುಸ್ತಕ ಇನ್ನೂ ಆಗಬೇಕಿತ್ತು, ಅದು ಮುಗಿದು ಅಚ್ಚಾದದ್ದು 1844ರಲ್ಲಿ. ಇವೆರಡಕ್ಕಿಂತ ಮುಖ್ಯವಾದ ಇನ್ನೊಂದು ಬರಹವೂ ಅವನ ಬಳಿ ಇತ್ತು. ಜೀವಿಗಳು ಹೇಗೆ ಮಾರ್ಪಡುತ್ತವೆ ಎಂಬ ತನ್ನ ವಿಚಾರವನ್ನು ಅದೇ ಬೇಸಿಗೆಯಲ್ಲಿ ಪೆನ್ಸಿಲ್ಲಿನಲ್ಲಿ 35 ಪುಟಗಳಲ್ಲಿ ಗೀಚಿಟ್ಟಿದ್ದ. ಅದು ಬೆಳೆದು ಪುಸ್ತಕವಾಗಿ ಹೊರಬಂದದ್ದು 1859ರಲ್ಲಿ. ಹದಿನೇಳು ವರ್ಷ! ಪರೀಕ್ಷೆಯ ಮರುದಿನವೇ ಫಲಿತಾಂಶ ಕೇಳುವ ವಿದ್ಯಾರ್ಥಿಗಳು ಈ ಅಂಕಿಯನ್ನು ಒಮ್ಮೆ ನೋಡಬೇಕು.

ಗೆಳೆಯರ ವಿಷಯವೂ ಇತ್ತು. ಭೂವಿಜ್ಞಾನಿ ಲಯೆಲ್ ಮೊದಲಾದವರೆಲ್ಲ ಲಂಡನ್ನಿನಲ್ಲೇ ಉಳಿದರು. ಎರಡು ಮೂರು ವಾರಕ್ಕೊಮ್ಮೆ ಒಂದು ರಾತ್ರಿಯಾದರೂ ಅಲ್ಲಿಗೆ ಹೋಗಿ ಬರುತ್ತೇನೆ, ಇಲ್ಲದಿದ್ದರೆ ಕೆಂಟ್‌ನ ಹಂದಿಯಾಗಿಬಿಟ್ಟೇನು ಎಂದು ದಾಯಾದಿ ಗೆಳೆಯ ಫಾಕ್ಸನಿಗೆ ತಮಾಷೆಯಾಗಿ ಬರೆದ. ಆರೋಗ್ಯ ಅದಕ್ಕೂ ಹೆಚ್ಚು ದಿನ ಬಿಡಲಿಲ್ಲ. ಹೋಗಿ ಬರುವುದು ಕಡಿಮೆಯಾಯಿತು, ಅಂಚೆ ಹೆಚ್ಚಾಯಿತು. ಅವನು ಬರೆದ, ಅವನಿಗೆ ಬಂದ ಕಾಗದಗಳು ಸುಮಾರು ಹದಿನೈದು ಸಾವಿರ ಇಂದಿಗೂ ಉಳಿದಿವೆ.

ಮಗು ಹೋಗಿ ಎರಡು ತಿಂಗಳಾಗಿತ್ತು. ಡಿಸೆಂಬರ್ 20ರಂದು ಮನೆಯ ಹತ್ತಿರದ ಹುಲ್ಲುಗಾವಲಿನ ಒಂದು ಭಾಗಕ್ಕೆ ಪುಡಿಮಾಡಿದ ಸುಣ್ಣಕಲ್ಲು ಹರಡಿಸಿದ. ಎರೆಹುಳುಗಳು ಮಣ್ಣನ್ನು ನುಂಗಿ ಮೇಲೆ ತಂದು ಹಾಕುವುದರಿಂದ ನೆಲದ ಮೇಲಿನ ವಸ್ತುಗಳು ಮೆಲ್ಲಗೆ ಕೆಳಗಿಳಿಯುತ್ತವೆ ಎಂಬುದನ್ನು ಅವನಿಗೆ ತೋರಿಸಿಕೊಟ್ಟವನು ಮಾವ ಜೋಸಯ್ಯನೇ. 1837ರಲ್ಲಿ ಚಾರ್ಲ್ಸ್ ಅದನ್ನು ಭೂವಿಜ್ಞಾನ ಸಂಘದ ಮುಂದೆ ಓದಿಯೂ ಇದ್ದ. ಈಗ ಸ್ವಂತ ನೆಲ ಸಿಕ್ಕಿತ್ತು, ಅಳೆಯಬಹುದಿತ್ತು. ಬಾಡಿಗೆ ಮನೆಯವನಿಗೆ ಇಂಥ ಪ್ರಯೋಗ ಸಾಧ್ಯವಿಲ್ಲ. ಇದಕ್ಕೆ ಬೇಕಾದದ್ದು ಅದೇ ಜಾಗದಲ್ಲಿ ಬಹಳ ಕಾಲ ಇರುವ ಮನಸ್ಸು. 1871ರ ನವೆಂಬರ್ ಕೊನೆಗೆ, ಇಪ್ಪತ್ತೊಂಬತ್ತು ವರ್ಷ ಕಳೆದು, ಅಲ್ಲಿ ಕಾಲುವೆ ತೋಡಿಸಿ ನೋಡಿದ. ಏಳು ಅಂಗುಲ ಕೆಳಗೆ ಬಿಳಿ ಗೆರೆಯೊಂದು ಕಾಣಿಸಿತು. ಲೆಕ್ಕ ಹಾಕಿದರೆ ವರ್ಷಕ್ಕೆ ಕಾಲು ಅಂಗುಲಕ್ಕೂ ಕೊಂಚ ಕಡಿಮೆ. 1881ರಲ್ಲಿ ಬಂದ ಅವನ ಕೊನೆಯ ಪುಸ್ತಕ ಎರೆಹುಳುಗಳನ್ನು ಕುರಿತದ್ದೇ.

ಅವರಿಗೆ ಒಟ್ಟು ಹತ್ತು ಮಕ್ಕಳು, ಮೂವರು ಚಿಕ್ಕಂದಿನಲ್ಲೇ ಹೋದರು. ಸೋದರಸಂಬಂಧದ ಮದುವೆಯಿಂದ ಮಕ್ಕಳ ಆರೋಗ್ಯ ಕೆಟ್ಟಿತೇ ಎಂಬ ಚಿಂತೆ ಅವನನ್ನು ಕಾಡುತ್ತಿತ್ತು. ಮೇರಿ ಎಲಿನಾರಳ ಪಕ್ಕದಲ್ಲೇ 1858ರಲ್ಲಿ ಎಲ್ಲರಿಗಿಂತ ಕಿರಿಯ ಮಗನನ್ನೂ ಮಲಗಿಸಿದರು. 1882ರ ಏಪ್ರಿಲ್‌ನಲ್ಲಿ ಚಾರ್ಲ್ಸ್ ಆ ಮನೆಯಲ್ಲೇ ತೀರಿಕೊಂಡ. ಊರಿನ ಅಂಗಳದಲ್ಲೇ ಜಾಗವಾಗುತ್ತದೆಂದು ಹಳ್ಳಿಯವರು ಎಣಿಸಿದ್ದರು. ದೇಶದ ದೊಡ್ಡವರು ಅವನನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಗೆ ಕರೆದೊಯ್ದರು. ಎಮ್ಮಾ 1896ರವರೆಗೆ ಇದ್ದಳು. ಅವಳ ಸಮಾಧಿ ಆ ಹಳ್ಳಿಯ ಚರ್ಚಿನ ಅಂಗಳದಲ್ಲೇ ಇದೆ.