ಹೊನ್ನಾಳಿಯಿಂದ ಮಲ್ಪೆಗೆ: ಎರಡು ದಿನದ ಕಡಲ ಪಾಠ

ದಸರಾ ರಜೆ ಮುಗಿದು ತರಗತಿಗಳು ಆರಂಭವಾದವೆಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಹಂಪಿ, ಜೋಗ, ಬೇಲೂರು-ಹಳೇಬೀಡು ನೋಡಿ ಆದ ಮೇಲೆ ಮಕ್ಕಳ ಬಾಯಲ್ಲಿ ಬರುವ ಹೆಸರು ಸಮುದ್ರ. ಪೋಷಕರು ಸಹಿ ಹಾಕಲು ಹಿಂಜರಿಯುವುದೂ ಆ ಹೆಸರಿಗೇ.

ಹಿಂಜರಿಕೆಗೆ ಕಾರಣವಿದೆ. 2022ರ ಏಪ್ರಿಲ್‌ನಲ್ಲಿ ಮಲ್ಪೆ ಬಳಿಯ ಸೇಂಟ್ ಮೇರೀಸ್ ದ್ವೀಪಕ್ಕೆ ಬಂದಿದ್ದ ಕೇರಳದ ಮೂವರು ಕಾಲೇಜು ವಿದ್ಯಾರ್ಥಿಗಳು ನೀರುಪಾಲಾದರು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ಕಡಲಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ಪ್ರಾಣ ಕಳೆದುಕೊಂಡರು. ಹಾಗೆಂದು ಸಮುದ್ರವನ್ನೇ ತೋರಿಸದೆ ಮಕ್ಕಳನ್ನು ಬೆಳೆಸಲಾಗದು. ಅದರ ಸ್ವಭಾವ ತಿಳಿದು, ಸರಿಯಾಗಿ ಯೋಜಿಸಿಕೊಂಡು ಹೋದರೆ ಎರಡು ದಿನದ ಉಡುಪಿ-ಮಲ್ಪೆ ಪ್ರವಾಸ ವರ್ಷವಿಡೀ ಓದಿದ ಭೂಗೋಳ, ವಿಜ್ಞಾನದ ಪಾಠಗಳನ್ನು ಕಣ್ಣೆದುರು ತಂದು ನಿಲ್ಲಿಸುತ್ತದೆ.

ದಾರಿ ಯಾವುದು?

ನಾಲ್ಕೂ ತಾಲ್ಲೂಕಿನವರಿಗೆ ಶಿವಮೊಗ್ಗವೇ ಹೆಬ್ಬಾಗಿಲು. ನ್ಯಾಮತಿ, ಹೊನ್ನಾಳಿ, ಚನ್ನಗಿರಿಯಿಂದ ಶಿವಮೊಗ್ಗ ಒಂದು-ಒಂದೂವರೆ ಗಂಟೆಯ ಹಾದಿ. ಜಗಳೂರಿನವರು ಮೊದಲು ದಾವಣಗೆರೆಗೆ ಬಂದು ಅಲ್ಲಿಂದ ಹೊರಡಬೇಕಾದ್ದರಿಂದ ಅವರಿಗೆ ದೂರ ಹೆಚ್ಚು. ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ, ಹೆಬ್ರಿ ಮಾರ್ಗವಾಗಿ ಉಡುಪಿ ಸುಮಾರು 150 ಕಿಲೋಮೀಟರ್. ತೀರ್ಥಹಳ್ಳಿಯಿಂದ ಹೊರಡುವ 169ಎ ರಾಷ್ಟ್ರೀಯ ಹೆದ್ದಾರಿ ಮಲ್ಪೆಯಲ್ಲೇ ಕೊನೆಗೊಳ್ಳುತ್ತದೆ.

ಆದರೆ ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ಕಡಿದಾದ ತಿರುವುಗಳಿವೆ. ಉದ್ದನೆಯ ದೊಡ್ಡ ಬಸ್ಸುಗಳಿಗೆ ಅಲ್ಲಿ ಪ್ರವೇಶವಿಲ್ಲ. ಮಿನಿ ಬಸ್ಸು ಗೊತ್ತುಮಾಡಿದವರು ಮಾತ್ರ ಆ ದಾರಿ ಹಿಡಿಯಬಹುದು. ದೊಡ್ಡ ಬಸ್ಸಿನಲ್ಲಿ ಹೊರಟವರು ಹೊಸನಗರ, ಹುಲಿಕಲ್ ಘಾಟಿ, ಸಿದ್ದಾಪುರ, ಕುಂದಾಪುರ ಸುತ್ತಿ ಉಡುಪಿ ಸೇರಬೇಕಾಗುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿದು ಘಾಟಿ ರಸ್ತೆಗಳು ಬಂದ್ ಆಗುವುದುಂಟು. ಆದ್ದರಿಂದ ಬಸ್ಸಿಗೆ ಮುಂಗಡ ಕೊಡುವ ಮೊದಲೇ ದಾರಿಯನ್ನು ನಿರ್ಧರಿಸಿ, ರಸ್ತೆ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳುವುದು ಜಾಣತನ.

ಒಂದು ಹನಿ ಎತ್ತ ಹೋಗುತ್ತದೆ?

ಆಗುಂಬೆಯಲ್ಲಿ ಅರ್ಧ ಗಂಟೆ ನಿಲ್ಲಬೇಕು. ಇಲ್ಲಿ ವರ್ಷಕ್ಕೆ ಸರಾಸರಿ 7 ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಜಗಳೂರಿನಲ್ಲಿ ಅದರ ಹತ್ತನೇ ಒಂದು ಪಾಲೂ ಬೀಳುವುದಿಲ್ಲ. ಅರಬ್ಬಿ ಸಮುದ್ರದಿಂದ ಬಂದ ತೇವದ ಗಾಳಿ ಪಶ್ಚಿಮ ಘಟ್ಟಕ್ಕೆ ತಾಗಿ ಮೇಲೇರಿ, ತಣಿದು, ಇಲ್ಲಿಯೇ ಸುರಿದುಬಿಡುತ್ತದೆ. ಘಟ್ಟ ದಾಟಿ ಪೂರ್ವಕ್ಕೆ ಹೋದಷ್ಟೂ ಮೋಡದಲ್ಲಿ ಉಳಿಯುವುದು ಕಡಿಮೆ. ಮಳೆನೆರಳು ಎಂಬ ಪದದ ಅರ್ಥ ಜಗಳೂರಿನ ಮಕ್ಕಳಿಗೆ ಇಲ್ಲಿ ಬೇಗ ಹೊಳೆಯುತ್ತದೆ.

ಇದು ನೀರು ಬೇರೆಯಾಗುವ ಜಾಗವೂ ಹೌದು. ಪಶ್ಚಿಮಕ್ಕೆ ಬಿದ್ದ ಹನಿ ಸೀತಾನದಿ ಸೇರಿ ಅಷ್ಟೇನೂ ದೂರವಿಲ್ಲದ ಅರಬ್ಬಿ ಸಮುದ್ರ ಮುಟ್ಟುತ್ತದೆ. ಪೂರ್ವಕ್ಕೆ ಬಿದ್ದ ಹನಿ ಮಾಲತಿ ಹೊಳೆಯ ಮೂಲಕ ತುಂಗೆಗಿಳಿದು, ಕೂಡಲಿಯಲ್ಲಿ ಭದ್ರೆಯನ್ನು ಕೂಡಿ, ಹೊನ್ನಾಳಿ ಸೇತುವೆಯ ಕೆಳಗೆ ಹರಿದು, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿ ಸೇರುತ್ತದೆ.

ಕಲ್ಲು ಹೇಳುವ ಕಥೆ

ಮಲ್ಪೆಯಿಂದ ಸುಮಾರು ಆರು ಕಿಲೋಮೀಟರ್ ದೂರದ ಸೇಂಟ್ ಮೇರೀಸ್ ದ್ವೀಪಗಳಿಗೆ ಸ್ಥಳೀಯರು ತೋನ್ಸೆಪಾರ್ ಎಂದೂ ಹೇಳುತ್ತಾರೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಗೆ ಬಂದು ಮೇರಿಯ ಹೆಸರಿಟ್ಟನೆಂಬುದು ಪ್ರತೀತಿ. ಪ್ರವಾಸಿಗರು ಇಳಿಯುವ ತೆಂಗಿನ ದ್ವೀಪ ಉದ್ದಕ್ಕೆ ಅರ್ಧ ಕಿಲೋಮೀಟರಿನಷ್ಟು, ಅಗಲಕ್ಕೆ ನೂರು ಮೀಟರಿನಷ್ಟು. ಸಮೀಪದ ದರಿಯಾ ಬಹದ್ದೂರ್‌ಗಡದಲ್ಲಿ ಬಿದನೂರಿನ ಬಸವಪ್ಪ ನಾಯಕ ಕಟ್ಟಿಸಿದ ಕೋಟೆಯ ಅವಶೇಷಗಳಿವೆ.

ದ್ವೀಪದ ನಿಜವಾದ ಸಂಪತ್ತು ಅದರ ಕಲ್ಲು. ಯಾರೋ ಕೆತ್ತಿ ಜೋಡಿಸಿಟ್ಟಂತೆ ಕಾಣುವ, ಐದು, ಆರು, ಏಳು ಮುಖಗಳ ಶಿಲಾಸ್ತಂಭಗಳು ಇಲ್ಲಿ ಸಾಲುಗಟ್ಟಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದಾಗ ಉಕ್ಕಿದ ಲಾವಾರಸ ತಣಿದು ಉಂಟಾದ ಕಂಬಗಳಿವು. ಬೇಸಿಗೆಯಲ್ಲಿ ಸೂಳೆಕೆರೆಯ ಅಂಚಿನ ಕೆಸರು ಒಣಗಿ ಬಿರುಕು ಬಿಡುವುದನ್ನು ಚನ್ನಗಿರಿಯ ಮಕ್ಕಳು ನೋಡಿರುತ್ತಾರೆ. ಇಲ್ಲಿ ನಡೆದದ್ದೂ ಅದೇ ಬಗೆಯ ಕೆಲಸ. ಕೆಸರು ನೀರು ಕಳೆದುಕೊಂಡು ಕುಗ್ಗುತ್ತದೆ, ಲಾವಾ ಶಾಖ ಕಳೆದುಕೊಂಡು ಕುಗ್ಗುತ್ತದೆ. ಕುಗ್ಗುವ ಪದರ ಬಿರಿಯಲೇಬೇಕು. ಮೇಲ್ಮೈಯಲ್ಲಿ ಹುಟ್ಟಿದ ಬಿರುಕು ತಣಿಯುತ್ತಾ ಹೋದಂತೆ ಆಳಕ್ಕಿಳಿದು ಕಂಬವಾಗುತ್ತದೆ. ಉತ್ತರ ಐರ್ಲೆಂಡಿನ ಪ್ರಸಿದ್ಧ ಜೈಂಟ್ಸ್ ಕಾಸ್‌ವೇ ಎಂಬಲ್ಲಿಯೂ ಇಂಥವೇ ಸುಮಾರು 40 ಸಾವಿರ ಕಂಬಗಳಿವೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಈ ದ್ವೀಪವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಗೆ ಸೇರಿಸಿದೆ. ಅದೇ ಪಟ್ಟಿಯಲ್ಲಿ ಜಗಳೂರಿನ ನೆರೆಯ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬುಗಲ್ಲುಗಳೂ ಇವೆ. ಲಾವಾ ನೀರಿನೊಳಗೆ ಉಕ್ಕಿದಾಗ ದಿಂಬಿನ ಆಕಾರ ತಾಳುತ್ತದೆ. ಅಂದರೆ ಇಂದು ಹನಿ ನೀರಿಗೆ ಕಷ್ಟವಿರುವ ಮರಡಿಹಳ್ಳಿಯ ಬಯಲು ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನ ತಳವಾಗಿತ್ತು. ಇಂದು ಸಮುದ್ರದ ನಡುವಿರುವ ತೋನ್ಸೆಪಾರ್‌ನ ಕಲ್ಲು ಒಣ ನೆಲದ ಮೇಲೆ ಹರಿದು ತಣಿದದ್ದು. ಎರಡನ್ನೂ ನೋಡಿದ ವಿದ್ಯಾರ್ಥಿಗೆ ನೆಲ-ಜಲಗಳು ಸ್ಥಿರವಲ್ಲ ಎಂದು ಬೇರೆ ಹೇಳಬೇಕಿಲ್ಲ. ಅಂದ ಹಾಗೆ, ಇಲ್ಲಿಂದ ಒಂದು ಚೂರು ಕಲ್ಲನ್ನೂ ಚೀಲಕ್ಕೆ ಹಾಕಿಕೊಳ್ಳಬಾರದು.

ಈಜು ಬಲ್ಲವರಿಗೇ ಎಚ್ಚರಿಕೆ

ಜಗಳೂರಿನ ಮಗು ಅಷ್ಟು ನೀರನ್ನು ಕಂಡು ತಾನಾಗಿಯೇ ಹಿಂದೆ ಸರಿಯಬಹುದು. ತುಂಗಭದ್ರೆಯಲ್ಲೋ ಭದ್ರಾ ಕಾಲುವೆಯಲ್ಲೋ ಈಜು ಕಲಿತ ಹುಡುಗ ಸರಿಯುವುದಿಲ್ಲ. ಅವನ ಮೇಲೆಯೇ ಹೆಚ್ಚು ಕಣ್ಣಿಡಬೇಕು. ಹೊಳೆಯ ಸೆಳೆತ ಒಂದೇ ದಿಕ್ಕಿನದು. ಅದರ ಜೊತೆ ಓರೆಯಾಗಿ ಈಜಿದರೆ ದಡ ಸಿಗುತ್ತದೆ. ಕಡಲಲ್ಲಿ ದಡಕ್ಕೆ ಬಂದ ನೀರು ಕೆಲವೆಡೆ ಕಿರಿದಾದ ಪ್ರವಾಹವಾಗಿ ಒಳಕ್ಕೆ ಹಿಂತಿರುಗುತ್ತದೆ. ಅದಕ್ಕೆ ಸಿಕ್ಕವರು ನೇರವಾಗಿ ದಡದ ಕಡೆಗೆ ಈಜಿ ದಣಿಯುತ್ತಾರೆ. ದಡಕ್ಕೆ ಸಮಾನಾಂತರವಾಗಿ ಈಜಿದರೆ ಅದರಿಂದ ಹೊರಬರಬಹುದು. ದ್ವೀಪದಲ್ಲಂತೂ ಪಾಚಿ ಹಿಡಿದ ಬಂಡೆಗಳಿವೆ. ಜಾರಿದರೆ ಕೆಳಗೆ ಆಳವಾದ ನೀರು. ಆದ್ದರಿಂದ ದ್ವೀಪದಲ್ಲಿ ಯಾರೂ ನೀರಿಗಿಳಿಯಬಾರದು ಎಂಬ ನಿಯಮ ಹೊರಡುವ ಮೊದಲೇ ತರಗತಿಯಲ್ಲಿ ಹೇಳಿ ಆಗಿರಬೇಕು.

ಭರತ-ಇಳಿತದ ಲೆಕ್ಕವೂ ಬೇಕು. ದಿನಕ್ಕೆ ಎರಡು ಬಾರಿ ಸಮುದ್ರ ಏರಿ ಇಳಿಯುತ್ತದೆ. ಪ್ರತಿದಿನ ಆ ಸಮಯ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೂರ್ಯ-ಚಂದ್ರರ ಸೆಳೆತ ಒಂದೇ ಸಾಲಿಗೆ ಬರುವುದರಿಂದ ಏರಿಳಿತ ಜೋರು, ಅಷ್ಟಮಿಯ ಹೊತ್ತಿಗೆ ಕಡಿಮೆ. ಪ್ರವಾಸದ ದಿನ ಗೊತ್ತುಮಾಡುವಾಗ ಮನೆಯ ಗೋಡೆಯ ಪಂಚಾಂಗವನ್ನೊಮ್ಮೆ ನೋಡಿದರೆ ಸಾಕು.

ಎರಡು ದಿನದ ವೇಳೆ

ಮೊದಲ ದಿನ ಬೆಳಗಿನ ಐದಕ್ಕೆ ಹೊರಟರೆ ಮಧ್ಯಾಹ್ನ ಆಗುಂಬೆ, ಸಂಜೆ ಉಡುಪಿ. ಕೃಷ್ಣ ಮಠ, ರಥಬೀದಿ ನೋಡಿ ಅಲ್ಲಿಯೇ ತಂಗುವುದು. ಎರಡನೆಯ ದಿನ ಬೆಳಿಗ್ಗೆ ಮೀನುಗಾರಿಕಾ ಬಂದರು, ನಂತರ ಮೊದಲ ದೋಣಿಗಳಲ್ಲೊಂದರಲ್ಲಿ ದ್ವೀಪ. ಬೆಳಿಗ್ಗೆಯೇ ಹೋಗಬೇಕು, ಏಕೆಂದರೆ ಬಿಸಿಲೇರಿದಂತೆ ನೆಲ ಕಾದು ಕಡಲಗಾಳಿ ಬೀಸತೊಡಗುತ್ತದೆ, ಅಲೆಗಳೂ ಏಳುತ್ತವೆ. ಮುಂಗಾರಿನ ತಿಂಗಳುಗಳಲ್ಲಿ ದೋಣಿಯಿಲ್ಲ. ದ್ವೀಪದಲ್ಲಿ ತಂಗಲು ಅವಕಾಶವಿಲ್ಲ, ಕುಡಿಯುವ ನೀರನ್ನು ಜೊತೆಗೇ ಒಯ್ಯಬೇಕು, ಪ್ಲಾಸ್ಟಿಕ್ ಒಯ್ಯಬಾರದು. ಮಧ್ಯಾಹ್ನ ಒಂದಕ್ಕೆ ಮಲ್ಪೆ ಬಿಟ್ಟರೆ ಹೊನ್ನಾಳಿ, ನ್ಯಾಮತಿ, ಚನ್ನಗಿರಿಯವರು ರಾತ್ರಿ ಮನೆ ಸೇರಬಹುದು. ಜಗಳೂರಿನವರು ಶಿವಮೊಗ್ಗದಲ್ಲಿ ಇನ್ನೊಂದು ರಾತ್ರಿ ತಂಗುವುದು ಒಳ್ಳೆಯದು. ನಿದ್ದೆಗೆಟ್ಟ ಚಾಲಕನೂ ಅಲೆಯಷ್ಟೇ ಅಪಾಯ.

ಬರುವಾಗ ಒಂದು ಲೀಟರ್ ಸಮುದ್ರದ ನೀರು ತಂದು ತಟ್ಟೆಯಲ್ಲಿ ಆರಲು ಬಿಟ್ಟರೆ ಸುಮಾರು 35 ಗ್ರಾಂ ಉಪ್ಪು ಉಳಿಯುತ್ತದೆ. ಬರಲಾಗದೆ ಉಳಿದ ಸಹಪಾಠಿಗಳಿಗೂ ಇದರಲ್ಲಿ ಪಾಲು ಸಿಗುತ್ತದೆ.

ಪೋಷಕರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ನಾಲ್ಕು ಪ್ರಶ್ನೆ ಕೇಳಲಿ: ಎಷ್ಟು ಮಕ್ಕಳಿಗೆ ಒಬ್ಬ ಶಿಕ್ಷಕರು? ಬಸ್ಸು ಯಾವ ಘಾಟಿಯಲ್ಲಿ ಇಳಿಯುತ್ತದೆ? ದೋಣಿಯಲ್ಲಿ ಪ್ರತಿ ಮಗುವಿಗೂ ಲೈಫ್ ಜಾಕೆಟ್ ಇದೆಯೇ? ನೀರಿನಂಚಿನಲ್ಲಿ ಎಣಿಕೆ ಮಾಡುವವರು ಯಾರು? ಇವುಗಳಿಗೆ ಉತ್ತರ ಸಿದ್ಧವಿರುವ ಶಾಲೆಯ ಜೊತೆ ಮಕ್ಕಳನ್ನು ಧೈರ್ಯವಾಗಿ ಕಳುಹಿಸಬಹುದು.